ಹಳೇ ಲ್ಯಾಪ್‌ಟಾಪ್‌ಗೆ ಸರಿಹೊಂದುವ ರ‍್ಯಾಮ್ ಆರಿಸುವುದು ಹೇಗೆ: ಸ್ಟಿಕರ್ ಓದುವುದರಿಂದ ಟೆಸ್ಟ್ ಮಾಡುವವರೆಗೆ

ಮುಂಬೈನ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನ ಯಾವ ಅಂಗಡಿಗೆ ಹೋಗಿ "ಲ್ಯಾಪ್‌ಟಾಪ್‌ಗೆ ಎಂಟು ಜಿಬಿ ರ‍್ಯಾಮ್ ಬೇಕು" ಅಂದರೂ ಕೌಂಟರಿನ ಹುಡುಗ ಮೊದಲು ಕೇಳುವುದು "ಕೌನ್‌ಸಾ?" (ಯಾವುದು?) ಅಂತ. ಇಲ್ಲೇ ನಮ್ಮವರು ತಡವರಿಸುವುದು. ಕಂಪನಿ ಹೆಸರು ಹೇಳುತ್ತಾರೆ, ಕೊಂಡ ವರ್ಷ ಹೇಳುತ್ತಾರೆ, "ಐ3 ಇದೆ" ಅನ್ನುತ್ತಾರೆ. ಅಷ್ಟು ಸಾಲದು. ಒಂದೇ ಕಂಪನಿಯ, ಒಂದೇ ವರ್ಷದ, ನೋಡಲು ಒಂದೇ ಥರ ಇರುವ ಎರಡು ಲ್ಯಾಪ್‌ಟಾಪ್‌ಗಳಿಗೆ ಬೇರೆ ಬೇರೆ ರ‍್ಯಾಮ್ ಬೇಕಾಗಬಹುದು. ಆ "ಕೌನ್‌ಸಾ"ಗೆ ಪಕ್ಕಾ ಉತ್ತರ ಇಟ್ಟುಕೊಂಡೇ ಮನೆಯಿಂದ ಹೊರಡಬೇಕು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈ ಕಡೆ ನಮ್ಮ ಜನರ ಮನೆಗಳಲ್ಲಿ ಎಂಟು ಹತ್ತು ವರ್ಷದ ಲ್ಯಾಪ್‌ಟಾಪ್‌ಗಳು ಇನ್ನೂ ದಿನಾ ದುಡಿಯುತ್ತಿವೆ. ಮಕ್ಕಳ ಓದು, ಹೋಟೆಲಿನ ಬಿಲ್ಲಿಂಗ್, ಸಂಘದ ಆಮಂತ್ರಣ ಪತ್ರಿಕೆಯನ್ನು ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡುವುದು, ಎಲ್ಲವೂ ಅದರಲ್ಲೇ. ಇವನ್ನು ಎಸೆಯುವ ಅಗತ್ಯ ಇಲ್ಲ. ಆದರೆ 2025ರ ಕೊನೆಯಿಂದ ಮೆಮೊರಿ, ಅಂದರೆ ಈ ರ‍್ಯಾಮಿನ ಬೆಲೆ ಜೋರಾಗಿ ಏರಿದೆ. ದೊಡ್ಡ ದೊಡ್ಡ ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಸೆಳೆದುಕೊಳ್ಳುತ್ತಿರುವುದೇ ಅದಕ್ಕೆ ಮುಖ್ಯ ಕಾರಣ. ಹಾಗಾಗಿ ತಪ್ಪು ಸ್ಟಿಕ್ (ರ‍್ಯಾಮ್ ಚಿಪ್‌ಗಳಿರುವ ಪಟ್ಟಿ) ತಂದರೆ ಮೊದಲಿಗಿಂತ ಜಾಸ್ತಿ ನೋವು.

ಮೊದಲು: ನಿಜಕ್ಕೂ ರ‍್ಯಾಮ್ ಬೇಕಾ?

ಲ್ಯಾಪ್‌ಟಾಪ್ ಸ್ಲೋ ಅಂದ ಕೂಡಲೇ ರ‍್ಯಾಮ್ ಹಾಕಿಸಿ ಅನ್ನುವವರು ಬಹಳ. ಒಂದು ಸಲ ಪರೀಕ್ಷೆ ಮಾಡಿ. ನೀವು ದಿನಾ ತೆರೆಯುವ ಎಲ್ಲವನ್ನೂ ತೆರೆಯಿರಿ: ಬ್ರೌಸರ್, ಅದರಲ್ಲಿ ಮಾಮೂಲಿ ಇರುವಷ್ಟು ಟ್ಯಾಬ್, ವರ್ಡ್, ವಾಟ್ಸಾಪ್. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ.

ಅಲ್ಲಿ ದೊಡ್ಡದಾಗಿ ಕಾಣುವ ಪರ್ಸೆಂಟ್ ನೋಡಿ ಸುಮ್ನಾಗಬೇಡಿ. ಕೆಳಗೆ 'ಕಮಿಟೆಡ್' ಅಂತ ಎರಡು ಸಂಖ್ಯೆ ಇರುತ್ತವೆ, ಉದಾಹರಣೆಗೆ 6.8/9.4 ಜಿಬಿ. ಮೊದಲನೆಯದು ನಿಮ್ಮ ಪ್ರೋಗ್ರಾಮ್‌ಗಳು ಒಟ್ಟಾರೆ ಕೇಳಿರುವ ಮೆಮೊರಿ. ಲ್ಯಾಪ್‌ಟಾಪಿನಲ್ಲಿ ಇರುವುದೇ 4 ಜಿಬಿ, ಕೇಳುತ್ತಿರುವುದು 6.8 ಅಂದರೆ ಉಳಿದದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿಗೆ ಬರೆದು ಓದಿ ಒದ್ದಾಡುತ್ತಿದೆ ಅಂತ ಅರ್ಥ. ಹೀಗಿದ್ದರೆ ರ‍್ಯಾಮ್ ಹಾಕಿದ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ.

ಕಮಿಟೆಡ್ ಕಮ್ಮಿ ಇದ್ದು ಡಿಸ್ಕ್ ಮಾತ್ರ 100 ಪರ್ಸೆಂಟ್‌ನಲ್ಲಿ ಕೂತಿದ್ದರೆ ಕಥೆ ಬೇರೆ. ಲ್ಯಾಪ್‌ಟಾಪಿನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದೆ ಅಂತಾದರೆ ಮೊದಲ ದುಡ್ಡು ಎಸ್‌ಎಸ್‌ಡಿಗೆ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕಿಗೆ) ಹೋಗಲಿ. ಇದು ನನ್ನ ಗಟ್ಟಿ ಅಭಿಪ್ರಾಯ. 16 ಜಿಬಿ ರ‍್ಯಾಮ್ ಜೊತೆಗೆ ಹಳೇ ಹಾರ್ಡ್ ಡಿಸ್ಕ್ ಇರುವುದಕ್ಕಿಂತ 8 ಜಿಬಿ ಜೊತೆಗೆ ಎಸ್‌ಎಸ್‌ಡಿ ಇರುವುದು ಮನೆ ಬಳಕೆಗೆ ಎಷ್ಟೋ ವಾಸಿ.

ಇನ್ನೊಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಓಡುವುದು ಇಂಟೆಲ್‌ನಲ್ಲಿ ಬಹುತೇಕ 8ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್‌ಗಳಲ್ಲಿ. ಅದಕ್ಕಿಂತ ಹಳೆಯ ಲ್ಯಾಪ್‌ಟಾಪಿಗೆ ಎಷ್ಟೇ ರ‍್ಯಾಮ್ ಹಾಕಿದರೂ ಆ ನಿಯಮ ಬದಲಾಗುವುದಿಲ್ಲ. ಲಿನಕ್ಸ್ ಮಿಂಟ್ ಹಾಕಿಕೊಳ್ಳುವ ಮನಸ್ಸಿದ್ದರೆ 8 ಜಿಬಿಯಲ್ಲಿ ಅದು ಚೆನ್ನಾಗಿ ಓಡುತ್ತದೆ, ಯುನಿಕೋಡ್ ಕನ್ನಡ ಟೈಪಿಂಗೂ ಅದರಲ್ಲೇ ಇದೆ.

ವಿಂಡೋಸ್ 32 ಬಿಟ್ಟಿನದ್ದಾ 64ರದ್ದಾ ಅಂತಲೂ ನೋಡಿಕೊಳ್ಳಿ. 32 ಬಿಟ್ ಆದರೆ 4 ಜಿಬಿಯೂ ಪೂರ್ತಿ ಸಿಗುವುದಿಲ್ಲ, ಮೂರು ಚಿಲ್ಲರೆ ಜಿಬಿಗೆ ನಿಲ್ಲುತ್ತದೆ. ಅಂಥದ್ದರಲ್ಲಿ ರ‍್ಯಾಮ್ ಹೆಚ್ಚಿಸಬೇಕಾದರೆ ಮೊದಲು ವಿಂಡೋಸನ್ನೇ ಬದಲಿಸಬೇಕು.

ನಿಮ್ಮ ಲ್ಯಾಪ್‌ಟಾಪ್ ಎಷ್ಟು ತಡೆಯುತ್ತದೆ?

ಅದೇ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ಅಂತ ಇರುತ್ತದೆ. 2ರಲ್ಲಿ 1 ಅಂತ ತೋರಿಸಿದರೆ ಒಂದು ಜಾಗ ಖಾಲಿ. ಪಕ್ಕದಲ್ಲೇ 'ಫಾರ್ಮ್ ಫ್ಯಾಕ್ಟರ್' ಮುಂದೆ ಎಸ್‌ಒಡಿಐಎಂಎಂ (SODIMM) ಅಂತಿದ್ದರೆ ಅದು ಕೈಯಲ್ಲಿ ತೆಗೆಯಬಹುದಾದ ಸ್ಟಿಕ್. 'ರೋ ಆಫ್ ಚಿಪ್ಸ್' ಅಂತ ಬಂದರೆ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಮೆಮೊರಿ, ಅದನ್ನು ಬದಲಿಸಲು ಆಗುವುದಿಲ್ಲ. ಈ ಮಾಹಿತಿ ಬಯೋಸ್‌ನಿಂದ (ಆನ್ ಮಾಡಿದಾಗ ವಿಂಡೋಸಿಗಿಂತ ಮೊದಲು ಓಡುವ ಪ್ರೋಗ್ರಾಮ್) ಬರುವಂಥದ್ದು, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲದ ಸ್ಲಾಟನ್ನು ಇದೆ ಅಂತ ತೋರಿಸುವುದೂ ಉಂಟು. ಹಾಗಾಗಿ ಇದು ಸುಳಿವು ಅಷ್ಟೇ, ಕೊನೆಯ ತೀರ್ಮಾನ ಹಿಂದಿನ ಮುಚ್ಚಳ ತೆಗೆದು ಕಣ್ಣಾರೆ ನೋಡಿದ ಮೇಲೆ.

ಮ್ಯಾಕ್‌ಬುಕ್ ಏರ್‌ನಲ್ಲಿ ರ‍್ಯಾಮ್ ಯಾವಾಗಲೂ ಬೆಸುಗೆಯದ್ದೇ. ರೆಟಿನಾ ಮ್ಯಾಕ್‌ಬುಕ್ ಪ್ರೋನಲ್ಲೂ ಹಾಗೇ. ರೆಟಿನಾ ಅಲ್ಲದ 2012ರ ಮ್ಯಾಕ್‌ಬುಕ್ ಪ್ರೋಗೆ ಸ್ಲಾಟ್ ಇದೆ, ಕಂಪನಿ 8 ಜಿಬಿ ಅಂದರೂ ಅದು 16 ಜಿಬಿ ತೆಗೆದುಕೊಳ್ಳುತ್ತದೆ. ಇನ್ನು ಕೆಲವದರಲ್ಲಿ ಅರ್ಧ ಬೆಸುಗೆ, ಅರ್ಧ ಸ್ಲಾಟ್. ಲೆನೊವೊದ ಥಿಂಕ್‌ಪ್ಯಾಡ್ ಟಿ440ಎಸ್ ಹಾಗೆ: 4 ಜಿಬಿ ಬೋರ್ಡಿನಲ್ಲೇ, ಜೊತೆಗೆ ಒಂದು ಸ್ಲಾಟ್. ಅದಕ್ಕೆ 8ರ ಸ್ಟಿಕ್ ಹಾಕಿದರೆ ಒಟ್ಟು 12, ಅಲ್ಲಿಗೆ ಮುಗಿಯಿತು. ಥಿಂಕ್‌ಪ್ಯಾಡ್ ಎಕ್ಸ್240ಗೆ ಇರುವುದು ಒಂದೇ ಸ್ಲಾಟ್. ಅದಕ್ಕಿಂತ ಹಿಂದಿನ ಎಕ್ಸ್230ಗೆ ಎರಡಿವೆ, 16 ಜಿಬಿವರೆಗೆ ಹೋಗುತ್ತದೆ. ಹೊಸ ಮಾಡೆಲ್ ಅಂದರೆ ಜಾಸ್ತಿ ಜಾಗ ಅಂತ ಎಣಿಸಬೇಡಿ.

ಮಿತಿ ನಿರ್ಧರಿಸುವುದು ಹೆಚ್ಚಾಗಿ ಪ್ರೊಸೆಸರ್. ಇಂಟೆಲ್ ಹೆಸರಿನಲ್ಲೇ ತಲೆಮಾರು ಬರೆದಿರುತ್ತದೆ. ಐ5-4210ಯು ಅಂದರೆ ಮೊದಲ ಅಂಕಿ 4, ಅಂದರೆ 4ನೇ ತಲೆಮಾರು. ಐ5-10210ಯು ಅಂದರೆ 10ನೆಯದು. ಐ3-380ಎಂ ಥರ ಮೂರೇ ಅಂಕಿ ಇದ್ದರೆ ಮೊದಲನೇ ತಲೆಮಾರು. ಈಗ ಇದನ್ನು ರ‍್ಯಾಮಿಗೆ ಹೊಂದಿಸಿ ನೋಡಿ. ರ‍್ಯಾಮಿಗೂ ತಲೆಮಾರುಗಳಿವೆ: ಡಿಡಿಆರ್2, ಡಿಡಿಆರ್3, ಡಿಡಿಆರ್4. ಕೊನೆಯಲ್ಲಿ ಎಲ್ ಇದ್ದರೆ ಕಮ್ಮಿ ವೋಲ್ಟೇಜಿನದ್ದು.

ಮೊದಲನೇ ತಲೆಮಾರಿನ ಡ್ಯುಯಲ್ ಕೋರ್ ಐ3, ಐ5ಗಳಿಗೆ ಡಿಡಿಆರ್3, ಹೆಚ್ಚೆಂದರೆ ಒಟ್ಟು 8 ಜಿಬಿ. 2 ಮತ್ತು 3ನೇ ತಲೆಮಾರಿಗೂ ಡಿಡಿಆರ್3, ಒಂದು ಸ್ಲಾಟಿಗೆ 8ರಂತೆ ಎರಡು ಸ್ಲಾಟ್ ಇದ್ದರೆ 16. 4ನೇ ತಲೆಮಾರು 2013ರಲ್ಲಿ ಬಂತು, ಅಲ್ಲಿಂದ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಬೇಕಾದದ್ದು ಡಿಡಿಆರ್3ಎಲ್. 5ನೆಯದಕ್ಕೂ ಅದೇ. ಗೊಂದಲ ಇರುವುದು 6 ಮತ್ತು 7ರಲ್ಲಿ. ಆ ಪ್ರೊಸೆಸರ್‌ಗಳು ಡಿಡಿಆರ್4 ಮತ್ತು ಡಿಡಿಆರ್3ಎಲ್ ಎರಡನ್ನೂ ಬಲ್ಲವು, ಯಾವ ಸ್ಲಾಟ್ ಕೂರಿಸಬೇಕು ಅನ್ನುವುದು ಲ್ಯಾಪ್‌ಟಾಪ್ ಕಂಪನಿಯ ಇಷ್ಟ. ಒಂದೇ ಐ5-6200ಯು, ಒಂದರಲ್ಲಿ ಡಿಡಿಆರ್4, ಇನ್ನೊಂದರಲ್ಲಿ ಡಿಡಿಆರ್3ಎಲ್. ಇಲ್ಲಿ ಊಹೆ ಬೇಡವೇ ಬೇಡ. 8ನೆಯದರಿಂದ ಸ್ಲಾಟ್ ಇರುವ ಲ್ಯಾಪ್‌ಟಾಪ್‌ಗಳು ಡಿಡಿಆರ್4ಗೆ ಬಂದವು. ಅದಕ್ಕೂ ಹಿಂದಿನ ಇಂಟೆಲ್ ಕೋರ್ 2 ಡುಯೋ ಕಾಲದ್ದಾದರೆ ಡಿಡಿಆರ್2 ಇರಬಹುದು, ಡಿಡಿಆರ್3 ಇರಬಹುದು, ಮಿತಿ ಹೇಳುವುದು ಮದರ್‌ಬೋರ್ಡಿನ ಚಿಪ್‌ಸೆಟ್. ಅಷ್ಟು ಹಳೆಯದಕ್ಕೆ ದುಡ್ಡು ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಎಎಂಡಿ ಲ್ಯಾಪ್‌ಟಾಪ್ ಆದರೆ ತಲೆಮಾರಿನ ಲೆಕ್ಕ ಹಾಕುತ್ತಾ ಕೂರದೆ ನೇರ ಸ್ಟಿಕರ್ ನೋಡುವುದೇ ಸಲೀಸು.

ಹೀಗೆ ತಲೆಮಾರು ನೋಡಿದ ಮೇಲೂ ನಿಮ್ಮ ಮಾಡೆಲ್ಲಿನ ಸರ್ವೀಸ್ ಮ್ಯಾನ್ಯುಯಲ್ ಒಂದು ಸಲ ತೆಗೆದು ನೋಡಿ. ಲೆನೊವೊ, ಡೆಲ್, ಎಚ್‌ಪಿ ಮೂವರೂ ಎಷ್ಟೋ ಮಾಡೆಲ್‌ಗಳಿಗೆ ಇದನ್ನು ತಮ್ಮ ಜಾಲತಾಣದಲ್ಲೇ ಕೊಡುತ್ತಾರೆ. ಎಷ್ಟು ಸ್ಲಾಟ್, ಯಾವ ರ‍್ಯಾಮ್, ಯಾವ ಸ್ಕ್ರೂ ಬಿಚ್ಚಬೇಕು, ಎಲ್ಲ ಅದರಲ್ಲಿರುತ್ತದೆ. ಕಿಂಗ್‌ಸ್ಟನ್ ಥರದ ರ‍್ಯಾಮ್ ಕಂಪನಿಗಳ ತಾಣದಲ್ಲೂ ಮಾಡೆಲ್ ಹಾಕಿದರೆ ಹೊಂದುವ ಸ್ಟಿಕ್ ತೋರಿಸುತ್ತಾರೆ.

ಸ್ಟಿಕರ್ ಓದುವುದು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಲ್ಯಾಪ್‌ಟಾಪ್ ಜೊತೆ ಬಂದ ಹಳೇ ಸ್ಟಿಕ್ ಮೇಲೆ ಒಂದು ಸಣ್ಣ ಬಿಳಿ ಸ್ಟಿಕರ್ ಇರುತ್ತದೆ. ಕಂಪನಿಯವರೇ ಪರೀಕ್ಷೆ ಮಾಡಿ ಕೂರಿಸಿದ ಸ್ಟಿಕ್ ಅದು, ಅದರ ಮೇಲಿರುವುದಕ್ಕಿಂತ ನಂಬುವಂಥ ಮಾಹಿತಿ ಬೇರೆ ಸಿಗುವುದಿಲ್ಲ. ಅಂಗಡಿಯವರು ಹೇಳಿದ್ದು, ಆನ್‌ಲೈನ್ ಜಾಹೀರಾತಿನಲ್ಲಿ ಬರೆದದ್ದು, ಎಲ್ಲ ಇದರ ನಂತರ.

ಒಂದು ನಿಜವಾದ ಸ್ಟಿಕರ್ ತೆಗೆದುಕೊಳ್ಳೋಣ. ಸ್ಯಾಮ್‌ಸಂಗ್ ಸ್ಟಿಕ್, ಮೇಲಿನ ಸಾಲಿನಲ್ಲಿ ಹೀಗಿದೆ:

4ಜಿಬಿ 1ಆರ್‌ಎಕ್ಸ್8 ಪಿಸಿ3ಎಲ್-12800ಎಸ್ (4GB 1Rx8 PC3L-12800S)

4ಜಿಬಿ ಅನ್ನುವುದು ಗೊತ್ತೇ ಇದೆ. 1ಆರ್‌ಎಕ್ಸ್8 ಅನ್ನುವುದು ಚಿಪ್‌ಗಳನ್ನು ಜೋಡಿಸಿದ ರೀತಿ, ಅದಕ್ಕೆ ಆಮೇಲೆ ಬರುತ್ತೇನೆ. ಪಿಸಿ3 ಅಂದರೆ ಡಿಡಿಆರ್3. ಅದೇ ಪಿಸಿ2 ಇದ್ದರೆ ಡಿಡಿಆರ್2, ಪಿಸಿ4 ಇದ್ದರೆ ಡಿಡಿಆರ್4. ಪಕ್ಕದ ಎಲ್ ಅಂದರೆ ಕಮ್ಮಿ ವೋಲ್ಟೇಜ್. 12800 ಅನ್ನುವುದು ವೇಗ: 1600ನ್ನು 8ರಿಂದ ಗುಣಿಸಿದರೆ ಬರುವ ಸಂಖ್ಯೆ. ಹಾಗಾಗಿ ಅಂಗಡಿಯಲ್ಲಿ "ಸೋಲಾ ಸೌ" ಅಂದರೂ ಒಂದೇ, "ಬಾರಾ ಹಜಾರ್ ಆಠ್ ಸೌ" ಅಂದರೂ ಒಂದೇ. 10600 ಇದ್ದರೆ ಅದು 1333. ಕೊನೆಯ ಎಸ್ ಅಂದರೆ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್. ಡಿಡಿಆರ್4ನಲ್ಲಿ ಇದೇ ವೇಗವನ್ನು ಪಿಸಿ4-2400ಟಿ, ಪಿಸಿ4-2666ವಿ, ಪಿಸಿ4-3200ಎಎ ಅಂತ ನೇರವಾಗಿ ಬರೆದಿರುತ್ತಾರೆ, ಗುಣಾಕಾರದ ಗೋಜಿಲ್ಲ.

ಡೆಸ್ಕ್‌ಟಾಪ್ ಸ್ಟಿಕ್ 13 ಸೆಂಟಿಮೀಟರಿಗಿಂತ ಉದ್ದ, ಲ್ಯಾಪ್‌ಟಾಪಿನದ್ದು ಏಳಕ್ಕಿಂತ ಕಮ್ಮಿ. ಇದನ್ನು ಅದಲು ಬದಲು ಮಾಡುವವರು ಕಮ್ಮಿ, ಆದರೆ ಆನ್‌ಲೈನ್‌ನಲ್ಲಿ ಫೋಟೋ ನೋಡಿ ಮೋಸ ಹೋಗುವುದು ಸುಲಭ. ಇಸಿಸಿ ಅಥವಾ ರಿಜಿಸ್ಟರ್ಡ್ ಅಂತ ಬರೆದಿದ್ದರೆ ಅದು ಸರ್ವರ್‌ಗಳಿಗೆ ಮಾಡಿದ್ದು, ಎಷ್ಟು ಅಗ್ಗ ಸಿಕ್ಕರೂ ಬೇಡ.

ಸ್ಟಿಕರ್ ಕಿತ್ತುಹೋಗಿದ್ದರೆ ಸಿಪಿಯು-ಝಡ್ ಅನ್ನುವ ಉಚಿತ ಪ್ರೋಗ್ರಾಮ್ ಹಾಕಿಕೊಳ್ಳಿ. ಅದರ ಎಸ್‌ಪಿಡಿ ಟ್ಯಾಬ್‌ನಲ್ಲಿ ಸ್ಟಿಕ್ಕಿನ ತಲೆಮಾರು, ವೇಗ, ವೋಲ್ಟೇಜ್, ಪಾರ್ಟ್ ನಂಬರ್ ಎಲ್ಲ ಕಾಣುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಟ್ಯಾಬ್ ಖಾಲಿ ಬರುತ್ತದೆ, ಆಗ ಚಿಪ್‌ಗಳ ಮೇಲೆ ಅಚ್ಚಾದ ನಂಬರ್ ಹುಡುಕುವುದೊಂದೇ ದಾರಿ.

ಆ ಒಂದು 'ಎಲ್' ಅಕ್ಷರ

ಬೇರೆ ಬೇರೆ ತಲೆಮಾರಿನ ಸ್ಟಿಕ್‌ಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕಾಲುಗಳ (ಪಿನ್) ಸಂಖ್ಯೆ ಬೇರೆ (ಡಿಡಿಆರ್2ಗೆ 200, ಡಿಡಿಆರ್3ಗೆ 204, ಡಿಡಿಆರ್4ಗೆ 260), ಕೆಳ ಅಂಚಿನ ಕಚ್ಚು ಇರುವ ಜಾಗವೂ ಬೇರೆ. ಹಾಗಾಗಿ ಅಲ್ಲಿ ತಪ್ಪು ಮಾಡಿದರೆ ಕೈಗೇ ಗೊತ್ತಾಗುತ್ತದೆ.

ಡಿಡಿಆರ್3 ಮತ್ತು ಡಿಡಿಆರ್3ಎಲ್ ವಿಷಯದಲ್ಲಿ ಈ ರಕ್ಷಣೆ ಇಲ್ಲ. ಎರಡಕ್ಕೂ 204 ಕಾಲು, ಕಚ್ಚು ಅದೇ ಜಾಗದಲ್ಲಿ, ಗಾತ್ರ ಅದೇ, ಬಣ್ಣವೂ ಅದೇ. ವ್ಯತ್ಯಾಸ ವೋಲ್ಟೇಜಿನಲ್ಲಿ ಮಾತ್ರ: ಡಿಡಿಆರ್3ಗೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35. ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಟಕ್ ಅಂತ ಶಬ್ದವೂ ಬರುತ್ತದೆ, ಆಮೇಲೆ ಸ್ಕ್ರೀನ್ ಕಪ್ಪು.

ಡೊಂಬಿವಲಿಯಲ್ಲಿ ಸಣ್ಣ ಹೋಟೆಲ್ ನಡೆಸುವ ಪರಿಚಯದ ಶೆಟ್ರೊಬ್ಬರ ಬಿಲ್ಲಿಂಗ್ ಲ್ಯಾಪ್‌ಟಾಪಿಗೆ ಹೀಗೇ ಆಯಿತು. ಐ3-4005ಯು, ಅಂದರೆ 4ನೇ ತಲೆಮಾರು, 4 ಜಿಬಿ ಇತ್ತು. ಕೆಲಸದ ಹುಡುಗ ಹೋಗಿ "ಡಿಡಿಆರ್3, 4 ಜಿಬಿ, ಸೋಲಾ ಸೌ" ಅಂತ ಕೇಳಿ ತಂದ. ಹಾಕಿದರು, ಪವರ್ ಲೈಟ್ ಹತ್ತಿತು, ಸ್ಕ್ರೀನ್ ಬರಲಿಲ್ಲ. ಮದರ್‌ಬೋರ್ಡೇ ಹೋಯಿತು ಅಂತ ಶೆಟ್ರು ಗಾಬರಿಯಾಗಿ ಫೋನ್ ಮಾಡಿದರು. ಹೋಗಿ ಎರಡೂ ಸ್ಟಿಕ್ಕನ್ನು ಟೇಬಲ್ಲಿನ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿದೆವು. ಎರಡೂ ಸ್ಯಾಮ್‌ಸಂಗ್, ಎರಡೂ ಹಸಿರು, ಎರಡರ ಮೇಲೂ 4ಜಿಬಿ 1ಆರ್‌ಎಕ್ಸ್8. ಹಳೆಯದರಲ್ಲಿ ಪಿಸಿ3ಎಲ್, ಹೊಸದರಲ್ಲಿ ಬರೀ ಪಿಸಿ3. ಕೆಳಗಿನ ಸಾಲಿನ ಪಾರ್ಟ್ ನಂಬರ್ ಕೂಡ ಕೊನೆಯವರೆಗೆ ಒಂದೇ ಥರ, ಕೊನೆಯಲ್ಲಿ ಮಾತ್ರ ಹಳೆಯದಕ್ಕೆ ವೈಕೆ0, ಹೊಸದಕ್ಕೆ ಸಿಕೆ0. ಸ್ಯಾಮ್‌ಸಂಗ್‌ನ 1600 ವೇಗದ ಡಿಡಿಆರ್3 ಸ್ಟಿಕ್‌ಗಳಲ್ಲಿ ವೈಕೆ0 ಅಂದರೆ 1.35 ವೋಲ್ಟ್, ಸಿಕೆ0 ಅಂದರೆ 1.5. ಹೊಸದನ್ನು ತೆಗೆದ ಕೂಡಲೇ ಲ್ಯಾಪ್‌ಟಾಪ್ ಮೊದಲಿನಂತೆ ಎದ್ದಿತು, ಅಂಗಡಿಯವರು ಎಲ್ ಇರುವುದನ್ನು ಬದಲಿಸಿ ಕೊಟ್ಟರು.

ಇದಕ್ಕೆ ಉಲ್ಟಾ ಆದರೆ ಸಮಸ್ಯೆ ಇಲ್ಲ. ಡಿಡಿಆರ್3ಎಲ್ ಸ್ಟಿಕ್ 1.5 ವೋಲ್ಟಿನಲ್ಲೂ ಓಡುವಂತೆ ಮಾಡಿರುವಂಥದ್ದು. ಹಾಗಾಗಿ 2 ಅಥವಾ 3ನೇ ತಲೆಮಾರಿನ ಲ್ಯಾಪ್‌ಟಾಪಿಗೆ ಎಲ್ ಸ್ಟಿಕ್ ಹಾಕಬಹುದು, ಹಳೇ 1.5ರ ಸ್ಟಿಕ್ ಜೊತೆ ಸೇರಿಸಿಯೂ ಹಾಕಬಹುದು. ಅದಕ್ಕೇ ನಾನು ಯಾರಿಗೇ ಆಗಲಿ ಡಿಡಿಆರ್3 ಕಾಲದ ಲ್ಯಾಪ್‌ಟಾಪಿಗೆ ಎಲ್ ಇರುವುದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಮುಂದೆ ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಬೇಕೆಂದರೂ ಉಪಯೋಗಕ್ಕೆ ಬರುತ್ತದೆ.

ಚಿಪ್ ಎಣಿಸಿ

ಈಗ 1ಆರ್‌ಎಕ್ಸ್8ಗೆ ಬರೋಣ. ಇದನ್ನು ಹೇಳುವವರು ಕಮ್ಮಿ, ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕೈಕೊಡುವುದು ಮಾತ್ರ ಇದೇ ಜಾಸ್ತಿ.

4 ಜಿಬಿಯ ಸ್ಟಿಕ್ಕನ್ನು ಎರಡು ಥರ ಮಾಡಬಹುದು. ಒಂದೊಂದು 2 ಗಿಗಾಬಿಟ್ಟಿನ 16 ಚಿಪ್ ಹಾಕಿ ಮಾಡಬಹುದು, ಅದರ ಮೇಲೆ 2ಆರ್‌ಎಕ್ಸ್8 ಅಂತಿರುತ್ತದೆ. ಅಥವಾ 4 ಗಿಗಾಬಿಟ್ಟಿನ 8 ಚಿಪ್ ಸಾಕು, ಅದಕ್ಕೆ 1ಆರ್‌ಎಕ್ಸ್8. ಎರಡೂ 4 ಜಿಬಿಯೇ. ಆದರೆ ಪ್ರೊಸೆಸರಿನ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಒಂದು ಚಿಪ್ ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ಮಿತಿ ಇದೆ. ಕೋರ್ 2 ಡುಯೋ ಮತ್ತು ಮೊದಲನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ 16 ಚಿಪ್ಪಿನ 4 ಜಿಬಿಯೇ ಬೇಕು. 8 ಚಿಪ್ಪಿನದ್ದು ಹಾಕಿದರೆ ಬೂಟ್ ಆಗದೇ ಇರಬಹುದು, ಪೂರ್ತಿ ಮೆಮೊರಿ ಕಾಣದೇ ಇರಬಹುದು.

2ರಿಂದ 4ನೇ ತಲೆಮಾರಿನವರೆಗೆ ಇದೇ ಮಾತು 8 ಜಿಬಿ ಸ್ಟಿಕ್ಕಿಗೆ ಅನ್ವಯಿಸುತ್ತದೆ. ಎರಡೂ ಬದಿ ಸೇರಿ 16 ಚಿಪ್ ಇರುವ 8 ಜಿಬಿ ಸರಿ. 8 ಚಿಪ್ಪಿನ 8 ಜಿಬಿ ಡಿಡಿಆರ್3ಎಲ್ ಕೂಡ ಇದೆ, 16 ಜಿಬಿಯ ಒಂದೇ ಡಿಡಿಆರ್3ಎಲ್ ಸ್ಟಿಕ್ಕೂ ಇದೆ, ಆದರೆ ಅಷ್ಟು ದೊಡ್ಡ ಚಿಪ್ ಇಂಟೆಲ್‌ನಲ್ಲಿ ಅರ್ಥವಾಗುವುದು 5ನೇ ತಲೆಮಾರಿನಿಂದ. "ಒಂದೇ ಸ್ಟಿಕ್ಕಿನಲ್ಲಿ 16 ಜಿಬಿ, ನಿಮ್ಮ ಹಳೇ ಐ5ಗೆ ಆಗುತ್ತದೆ" ಅಂತ ಯಾರಾದರೂ ಹೇಳಿದರೆ ಮೊದಲು ತಲೆಮಾರು ನೋಡಿ.

ಡಿಡಿಆರ್4ನಲ್ಲಿ ಈ ತಲೆನೋವು ಇಲ್ಲ. ಅಲ್ಲಿ 1ಆರ್‌ಎಕ್ಸ್16 ಅಂತ ನಾಲ್ಕೇ ಚಿಪ್ಪಿನ ಅಗ್ಗದ ಸ್ಟಿಕ್‌ಗಳಿವೆ, ಓಡುತ್ತವೆ, ಸ್ವಲ್ಪ ನಿಧಾನ. 1ಆರ್‌ಎಕ್ಸ್8 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ವೇಗ, ಜೋಡಿ

ವೇಗದ ಬಗ್ಗೆ ಎಲ್ಲರೂ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟು ಬೇಕಾಗಿಲ್ಲ. ಒಂದೇ ತಲೆಮಾರಿನೊಳಗೆ ವೇಗ ಬೇರೆ ಇದ್ದರೆ ಎರಡೂ ಸ್ಟಿಕ್ ನಿಧಾನದ್ದರ ಲೆಕ್ಕಕ್ಕೆ ಇಳಿಯುತ್ತವೆ, ಪ್ರೊಸೆಸರಿನ ಮಿತಿ ಅದಕ್ಕಿಂತ ಕಮ್ಮಿ ಇದ್ದರೆ ಅಲ್ಲಿಗೆ. 2400ರ ಲ್ಯಾಪ್‌ಟಾಪಿಗೆ 3200ರ ಸ್ಟಿಕ್ ಹಾಕಿದರೆ ಸಾಮಾನ್ಯವಾಗಿ 2400ರಲ್ಲಿ ಓಡುತ್ತದೆ. ಅಂಗಡಿಯಲ್ಲಿ 3200 ಮಾತ್ರ ಇದೆ ಅಂದರೆ ವಾಪಸ್ ಬರಬೇಡಿ. ಆದರೆ ವೇಗ ಜಾಸ್ತಿ ಅಂತ ಜಾಸ್ತಿ ದುಡ್ಡು ಕೊಡಬೇಡಿ, ನಿಮ್ಮ ಲ್ಯಾಪ್‌ಟಾಪಿಗೆ ಅದರಿಂದ ಏನೂ ಸಿಗುವುದಿಲ್ಲ.

ಎರಡು ಸ್ಲಾಟ್ ಇದ್ದರೆ ಎರಡರಲ್ಲೂ ಸ್ಟಿಕ್ ಇರುವುದು ಒಳ್ಳೆಯದು. ಆಗ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದಿ ಬರೆಯುತ್ತದೆ, ಡ್ಯುಯಲ್ ಚಾನೆಲ್ ಅನ್ನುವುದು ಇದಕ್ಕೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಇದರ ಲಾಭ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ಚಿತ್ರ ತೋರಿಸುವ ಕೆಲಸಕ್ಕೂ ಇದೇ ರ‍್ಯಾಮ್. ಗಾತ್ರ ಒಂದೇ ಇರಲೇಬೇಕು ಅಂತಿಲ್ಲ. 4 ಮತ್ತು 8 ಹಾಕಿದರೆ ಇಂಟೆಲ್ ಲ್ಯಾಪ್‌ಟಾಪ್‌ಗಳು 8 ಜಿಬಿಯಷ್ಟನ್ನು ಜೋಡಿಯಾಗಿ, ಉಳಿದ 4ನ್ನು ಒಂಟಿಯಾಗಿ ಬಳಸುತ್ತವೆ. ಹಳೇ 4ನ್ನು ಉಳಿಸಿಕೊಂಡು ಪಕ್ಕದಲ್ಲಿ 8 ಹಾಕುವುದು, ಈಗಿನ ಬೆಲೆಯಲ್ಲಿ, ಬಹಳ ಮನೆಗಳಿಗೆ ಸರಿಯಾದ ಲೆಕ್ಕ.

ಎಷ್ಟು ಸಾಕು? ಬಿಲ್ಲಿಂಗ್, ಟೈಪಿಂಗ್, ಬ್ರೌಸಿಂಗ್‌ಗೆ 8. ಮಕ್ಕಳು ಕೋಡಿಂಗ್ ಕಲಿಯುತ್ತಿದ್ದರೆ, ಫೋಟೋ ವಿಡಿಯೋ ಎಡಿಟಿಂಗ್ ಇದ್ದರೆ 16. ಅದರಾಚೆಗೆ ಹಳೇ ಲ್ಯಾಪ್‌ಟಾಪಿನಲ್ಲಿ ದುಡ್ಡು ಸುರಿಯುವುದು ಬೇಡ.

ಕೊಳ್ಳುವುದು

ಡೊಂಬಿವಲಿ, ಕಲ್ಯಾಣ್ ಕಡೆಯವರು ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹಿಡಿಯಿರಿ. ಇಳಿಯಬೇಕಾದದ್ದು ಗ್ರಾಂಟ್ ರೋಡಿನಲ್ಲಿ, ಅಲ್ಲಿ ಫಾಸ್ಟ್ ನಿಲ್ಲುವುದಿಲ್ಲ. ಈಸ್ಟ್ ಕಡೆ ಹೊರಬಂದು ಯಾರನ್ನಾದರೂ ಲ್ಯಾಮಿಂಗ್ಟನ್ ರೋಡ್ ಅಂತ ಕೇಳಿ, ಬೋರ್ಡಿನಲ್ಲಿ ಡಾ. ಭಡ್ಕಮ್ಕರ್ ಮಾರ್ಗ ಅಂತಿರುತ್ತದೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ಆದಷ್ಟೂ ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಹೋಗಿ. ಆಗದಿದ್ದರೆ ಹಳೇ ಸ್ಟಿಕ್ಕನ್ನು ಕಾಗದದ ಲಕೋಟೆಯಲ್ಲಿ ಹಾಕಿ ಗಟ್ಟಿ ಡಬ್ಬಿಯೊಳಗಿಟ್ಟು ಒಯ್ಯಿರಿ. ಮಾಮೂಲಿ ಪ್ಲಾಸ್ಟಿಕ್ ಚೀಲ ಬೇಡ, ಅದರ ಉಜ್ಜಾಟಕ್ಕೆ ಸ್ಟ್ಯಾಟಿಕ್ ಹುಟ್ಟುತ್ತದೆ. ಅದೂ ಆಗದಿದ್ದರೆ ಸ್ಟಿಕರಿನ ಸ್ಪಷ್ಟ ಫೋಟೋ ಮೊಬೈಲಿನಲ್ಲಿ ಇರಲಿ. ಕೇಳುವಾಗ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ: "ಲ್ಯಾಪ್‌ಟಾಪ್ ವಾಲಾ, ಡಿಡಿಆರ್ ತ್ರೀ ಎಲ್, ಆಠ್ ಜಿಬಿ, ಸೋಲಾ ಸೌ, ಎಲ್ ಪಕ್ಕಾ ಚಾಹಿಯೇ." ಕೈಗೆ ಬಂದ ಮೇಲೆ ಸ್ಟಿಕರ್ ನೀವೇ ಓದಿ.

ಡಿಡಿಆರ್3ಎಲ್ ಈಗ ಹೆಚ್ಚಾಗಿ ಸಿಗುವುದು ಪುಲ್ ಔಟ್ ಮಾಲು, ಅಂದರೆ ಆಫೀಸ್ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ್ದು. ಅದಕ್ಕೆ ಹಿಂಜರಿಯಬೇಡಿ. ರ‍್ಯಾಮಿನಲ್ಲಿ ಸವೆಯುವ ಭಾಗ ಇಲ್ಲ. ಹೆಸರೇ ಕೇಳದ ಬ್ರ್ಯಾಂಡಿನ ಹೊಸ ಸ್ಟಿಕ್ಕಿಗಿಂತ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್‌ನ ಹಳೇ ಸ್ಟಿಕ್ ನಾನು ಖುಷಿಯಿಂದ ತೆಗೆದುಕೊಳ್ಳುತ್ತೇನೆ. ನೋಡಬೇಕಾದ್ದು ಇಷ್ಟು: ಎಲ್ಲ ಚಿಪ್‌ಗಳ ಮೇಲೂ ಒಂದೇ ಬರಹ ಇರಬೇಕು, ಸ್ಟಿಕರ್ ಕಿತ್ತು ಮತ್ತೆ ಅಂಟಿಸಿದಂತೆ ಇರಬಾರದು, ಚಿನ್ನದ ಬಣ್ಣದ ಕಾಲುಗಳ ಮೇಲೆ ಕಪ್ಪು ಚುಕ್ಕೆ, ಆಳವಾದ ಗೀರು ಇರಬಾರದು. ಲ್ಯಾಪ್‌ಟಾಪ್ ಒಯ್ದಿದ್ದರೆ ಅಲ್ಲೇ ಹಾಕಿಸಿ ಆನ್ ಮಾಡಿಸಿ.

ಪಕ್ಕಾ ಬಿಲ್ ಕೇಳಿ. ಕೆಲಸ ಮಾಡದಿದ್ದರೆ ಎಷ್ಟು ದಿನದೊಳಗೆ ಬದಲಿಸಿ ಕೊಡುತ್ತಾರೆ ಅನ್ನುವುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬಾಯಿ ಮಾತು ಸಾಲದು. ಆನ್‌ಲೈನ್‌ನಲ್ಲಿ ತರಿಸುವುದಾದರೆ ವೋಲ್ಟೇಜ್ ಬರೆದಿಲ್ಲದ, ಸ್ಟಿಕರಿನ ಫೋಟೋ ಇಲ್ಲದ ಮಾಲನ್ನು ಬಿಟ್ಟುಬಿಡಿ. ವಾಪಸ್ ಕೊಟ್ಟರೆ ದುಡ್ಡು ಕೊಡುತ್ತಾರಾ, ಇಲ್ಲ ಬರೀ ಬದಲಿ ಸ್ಟಿಕ್ ಕೊಡುತ್ತಾರಾ ಅಂತ ನೋಡಿ. ಹೊಂದದ ಸ್ಟಿಕ್ಕಿಗೆ ಅದೇ ಹೊಂದದ ಸ್ಟಿಕ್ ಬದಲಿ ಬಂದರೆ ಏನು ಉಪಯೋಗ, ಅಲ್ವಾ?

ಹಾಕುವುದು

ವಿಂಡೋಸಿನಲ್ಲಿ ಶಟ್ ಡೌನ್ ಒತ್ತುವಾಗ ಶಿಫ್ಟ್ ಕೀ ಹಿಡಿದುಕೊಳ್ಳಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಅನ್ನುವ ವ್ಯವಸ್ಥೆಯಿಂದ ಅದು ಅರೆನಿದ್ದೆಗೆ ಹೋಗಿರುತ್ತದೆ, ಪೂರ್ತಿ ಆರುವುದಿಲ್ಲ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಒಳಗೇ ಇರುವಂಥದ್ದಾದರೆ ಮುಚ್ಚಳ ಬಿಚ್ಚಿದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಬಯೋಸ್‌ನಿಂದಲೇ ಒಳಗಿನ ಬ್ಯಾಟರಿಯನ್ನು ಆಫ್ ಮಾಡಬಹುದು. ಆಮೇಲೆ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜೂ ಹೋಗುತ್ತದೆ.

ಒಂದು ಲೋಹದ ವಸ್ತು ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಮುಂಬೈ ಮಳೆಗಾಲದಲ್ಲಿ ಸ್ಟ್ಯಾಟಿಕ್ ಕಮ್ಮಿ, ಎಸಿ ರೂಮಿನಲ್ಲಿ ಮತ್ತು ಚಳಿಗಾಲದಲ್ಲಿ ಎಚ್ಚರ ಬೇಕು. ಬಿಚ್ಚಿದ ಸ್ಕ್ರೂಗಳನ್ನು ಅವು ಇದ್ದ ಜಾಗದ ಚಿತ್ರ ಬರೆದ ಕಾಗದದ ಮೇಲೇ ಇಡಿ, ಉದ್ದ ಬೇರೆ ಬೇರೆ ಇರುತ್ತದೆ.

ಸ್ಟಿಕ್ಕಿನ ಎರಡೂ ಪಕ್ಕದಲ್ಲಿ ಒಂದೊಂದು ಲೋಹದ ಕ್ಲಿಪ್ ಇದೆ. ಎರಡನ್ನೂ ಬೆರಳಿನಿಂದ ಹೊರಗೆ ತಳ್ಳಿದರೆ ಸ್ಟಿಕ್ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಎಳೆಯಿರಿ. ಹೊಸದನ್ನು ಕಚ್ಚು ಹೊಂದಿಸಿ ಸುಮಾರು 30 ಡಿಗ್ರಿ ಓರೆಯಲ್ಲೇ ಒಳಗೆ ತಳ್ಳಿ, ಚಿನ್ನದ ಕಾಲುಗಳು ಹೆಚ್ಚುಕಮ್ಮಿ ಕಾಣದಾಗುವವರೆಗೆ. ಆಮೇಲೆ ಕೆಳಗೆ ಒತ್ತಿದರೆ ಕ್ಲಿಪ್‌ಗಳು ಟಕ್ ಅಂತ ಹಿಡಿದುಕೊಳ್ಳುತ್ತವೆ. ಪೂರ್ತಿ ಒಳಗೆ ಹೋಗುವ ಮೊದಲೇ ಕೆಳಗೆ ಒತ್ತುವುದರಿಂದಲೇ ಎಷ್ಟೋ ಸಲ ಸ್ಕ್ರೀನ್ ಬರುವುದಿಲ್ಲ.

ಇಲ್ಲಿನ ಸಮುದ್ರದ ಗಾಳಿಗೆ ಹಳೇ ಸ್ಟಿಕ್ಕಿನ ಕಾಲುಗಳು ಮಂಕಾಗಿರುತ್ತವೆ. ಮಕ್ಕಳ ಬಿಳಿ ರಬ್ಬರ್ ತೆಗೆದುಕೊಂಡು ಹಗುರವಾಗಿ ಉಜ್ಜಿ, ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲ ಹನಿ ಬೀಳುತ್ತದೆ.

ಆನ್ ಮಾಡಿದ ಮೇಲೆ

ಮೊದಲ ಸಲ ಸ್ಕ್ರೀನ್ ಬರಲು ತಡವಾಗಬಹುದು, ಒಂದೆರಡು ಸಲ ತಾನೇ ಆರಿ ಹತ್ತಲೂಬಹುದು. ಲ್ಯಾಪ್‌ಟಾಪ್ ಹೊಸ ಮೆಮೊರಿಗೆ ಹೊಂದಿಕೊಳ್ಳುತ್ತಿರುತ್ತದೆ. ಒಂದೆರಡು ನಿಮಿಷ ತಾಳಿ. ಆಗಲೂ ಬರದಿದ್ದರೆ ಹೊಸದೊಂದನ್ನೇ ಹಾಕಿ ನೋಡಿ, ಇನ್ನೊಂದು ಸ್ಲಾಟಿನಲ್ಲಿ ಹಾಕಿ ನೋಡಿ, ಆಮೇಲೆ ಹಳೆಯದೊಂದನ್ನೇ. ಹಳೆಯದು ಎರಡೂ ಸ್ಲಾಟಿನಲ್ಲಿ ಓಡಿ ಹೊಸದು ಎಲ್ಲೂ ಓಡದಿದ್ದರೆ ಹೊಸದು ಹೊಂದುತ್ತಿಲ್ಲ ಅಥವಾ ಕೆಟ್ಟಿದೆ. ಎರಡೂ ಒಂದೇ ಸ್ಲಾಟಿನಲ್ಲಿ ಮಾತ್ರ ಓಡಿದರೆ ಸ್ಲಾಟಿನದ್ದೇ ದೋಷ.

ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಒಟ್ಟು ಸರಿಯಾಗಿದೆಯಾ ನೋಡಿ. 'ಹಾರ್ಡ್‌ವೇರ್ ರಿಸರ್ವ್ಡ್' ಅಂತ ನೂರಾರು ಎಂಬಿ ಹೋಗಿದ್ದರೆ ಅದು ಗ್ರಾಫಿಕ್ಸ್‌ಗೆ ಮೀಸಲು, ಗಾಬರಿ ಬೇಡ. ಜಿಬಿಗಟ್ಟಲೆ ಹೋಗಿದ್ದರೆ ಸ್ಟಿಕ್ ಸರಿಯಾಗಿ ಕೂತಿದೆಯಾ, ವಿಂಡೋಸ್ 64 ಬಿಟ್ಟಿನದ್ದೇನಾ ಅಂತ ಮತ್ತೆ ನೋಡಿ.

ಇಷ್ಟಕ್ಕೆ ನಿಲ್ಲಿಸಬೇಡಿ. ಕೆಟ್ಟ ರ‍್ಯಾಮ್ ಎಲ್ಲ ಸಲ ಲ್ಯಾಪ್‌ಟಾಪನ್ನು ನಿಲ್ಲಿಸುವುದಿಲ್ಲ, ಕೆಲವು ಸಲ ಸದ್ದಿಲ್ಲದೆ ಫೈಲ್ ಕೆಡಿಸುತ್ತದೆ. ಬಿಲ್ಲಿನ ಲೆಕ್ಕ ಇರುವ ಲ್ಯಾಪ್‌ಟಾಪಿನಲ್ಲಿ ಅದು ಆಗಬಾರದು. ಮೆಮ್‌ಟೆಸ್ಟ್86ಪ್ಲಸ್ ಅನ್ನುವ ಉಚಿತ ಪ್ರೋಗ್ರಾಮನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಚಾರ್ಜರ್ ಹಾಕಿಡಿ. ಬೆಳಿಗ್ಗೆ ಎರರ್ ಸೊನ್ನೆ ಇರಬೇಕು. ಒಂದೇ ಒಂದು ಎರರ್ ಇದ್ದರೂ ಹಳೇ ಸ್ಟಿಕ್ ತೆಗೆದು ಹೊಸದನ್ನು ಮಾತ್ರ ಇಟ್ಟು ಮತ್ತೆ ಓಡಿಸಿ. ಆಗಲೂ ಬಂದರೆ ಕೆಂಪು ಸಾಲುಗಳ ಫೋಟೋ ತೆಗೆದು, ಬಿಲ್ ಹಿಡಿದು, ಬದಲಿಸುವ ದಿನ ಮುಗಿಯುವ ಮೊದಲೇ ಅಂಗಡಿಗೆ ಹೋಗಿ.